ಹಾಸಿಗೆ ಹಿಡಿದಿರುವ ನಮ್ಮ ಸಹೋದರಿ

ಅಣ್ಣಾ ನಗರ್, ಚೆನ್ನೈ
16 ಜನವರಿ 2025

ಕಲಾವತಿ ಅಕ್ಕನಿಗೆ ವಿಮಲಾ ಹೇಳುವ ಸ್ತೋತ್ರ, ವಂದನೆ.

ಅಕ್ಕಾ, ಒಂದು ಕೆಟ್ಟ ಕನಸು ಬಿತ್ತು, ಅದಕ್ಕೇ ಈ ಕಾಗದ. ಕಳೆದ ಭಾನುವಾರ ಊಟ ಮಾಡಿ, ಸಂಜೆ ಆರಾಧನೆಗೆ ಹೋಗುವ ಮುಂಚೆ ಸ್ವಲ್ಪ ಒರಗಿದ್ದೆ. ಕನಸಿನಲ್ಲಿ ನಾನು ಸಭೆಯ ಮುಂದೆ ನಿಂತು ಪ್ರಾರ್ಥನೆ ಮಾಡುತ್ತಿದ್ದೇನೆ. ನಡುವೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಮೆಲ್ಲಗೆ ಹೊರಗೆ ಬಂದೆ. ಮನೆಗೆ ಬಂದು ಹಾಲು ಇಳಿಸಿದೆ, ಲೋಟ ತೊಳೆದಿಟ್ಟೆ. ಅಲ್ಲಿ ಚರ್ಚಿನೊಳಗೆ ಮಾತ್ರ ನನ್ನ ದನಿ ನಿಂತೇ ಇಲ್ಲ. ಮೈಕಿನಲ್ಲಿ ಕೇಳಿಸುತ್ತಲೇ ಇದೆ. ನಾನಿಲ್ಲದೆ ನನ್ನ ಪ್ರಾರ್ಥನೆ ನಡೆಯುತ್ತಿದೆ, ಜನ ಆಮೆನ್ ಅನ್ನುತ್ತಿದ್ದಾರೆ. ನಿಲ್ಲಿಸೋಣ ಅಂತ ಓಡಿದರೆ ಬಾಗಿಲೇ ಸಿಗಲಿಲ್ಲ. ಎಚ್ಚರವಾದಾಗ ಬಾಯಿ ಒಣಗಿತ್ತು.

ನಮ್ಮ ಮನೆಯವರಿಗೆ ಹೇಳಿದರೆ "ಸಾಂಬಾರಿಗೆ ಅಷ್ಟು ಹುಳಿ ಹಾಕಬೇಡ ಅಂತ ಹೇಳಿದ್ನಲ್ಲ" ಅಂದರು. ರೈಲ್ವೆಯಿಂದ ರಿಟೈರ್ ಆದ ಮೇಲೆ ಅವರಿಗೆ ಲೋಕದ ಎಲ್ಲ ಕಷ್ಟಕ್ಕೂ ಹೊಟ್ಟೆಯೇ ಕಾರಣ.

ನನಗೆ ದಿಗಿಲಾದದ್ದು ಯಾಕೆ ಅಂದರೆ, ಕನಸಿನಲ್ಲಿ ಆ ದನಿ ನಿಮ್ಮ ಹೆಸರನ್ನೇ ಹೇಳುತ್ತಿತ್ತು. ನಿಮಗೇನಾದರೂ ಆಯಿತೇನೋ ಅಂತ ಅವತ್ತಿನಿಂದ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತದೆ, ನೀವು ತೆಗೆಯುವುದಿಲ್ಲ. ಪೊಂಗಲ್ ಹಬ್ಬದ ಗದ್ದಲದಲ್ಲಿ ಕೇಳಿಸಲಿಲ್ಲವೋ, ಕೈಗೆಟುಕದ ಹಾಗೆ ಇಟ್ಟಿದ್ದೀರೋ. ಕಾಗದ ಬರೆಯುತ್ತೇನೆ ಅಂದರೆ ಮೊಮ್ಮಗಳು ಕೃತಿಗೆ ನಗು. "ಕ್ರೋಂಪೇಟ್ಟೈಕ್ಕು ಯಾರಾವದು ಲೆಟರ್ ಪೋಡುವಾಂಗಳಾ ಪಾಟ್ಟಿ? ಮೆಟ್ರೋಲ ಪೋಯಿಟ್ಟು ವಾಂಗ!" ಅಂದಳು. ಇದೇ ಊರಿನಲ್ಲಿರುವವರಿಗೆ ಕಾಗದ ಯಾಕೆ, ಮೆಟ್ರೋದಲ್ಲಿ ಹೋಗಿ ಬನ್ನಿ ಅಂತ. ಅವಳಿಗೇನು ಗೊತ್ತು, ನನ್ನ ಮಂಡಿ ನೋವು, ಮೌಂಟ್ ಸ್ಟೇಷನ್ನಿನ ಮೆಟ್ಟಿಲು.

ಒಂದು ಸಮಾಧಾನದ ಮಾತು ಹೇಳುತ್ತೇನೆ. ಎರಡು ವರ್ಷದ ಹಿಂದೆ ನೀವು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಬೇರೆಯವರಿಗಾಗಿ ಬೇಡಿಕೊಳ್ಳುವ ಪ್ರಾರ್ಥನೆಯನ್ನು ನಿಮ್ಮ ಜಾಗದಲ್ಲಿ ನಿಂತು ನಾನು ಮಾಡಲು ಶುರು ಮಾಡಿದೆನಲ್ಲ, ಅಂದಿನಿಂದ ಒಂದು ಭಾನುವಾರವೂ ನಿಮ್ಮ ಹೆಸರು ಬಿಟ್ಟಿಲ್ಲ. "ಹಾಸಿಗೆ ಹಿಡಿದಿರುವ ನಮ್ಮ ಸಹೋದರಿ ಕಲಾವತಿಯನ್ನು ಎಬ್ಬಿಸು ಕರ್ತನೇ, ಅವರ ಕಾಲುಗಳಿಗೆ ಬಲ ಕೊಡು" ಅನ್ನುವಷ್ಟರಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಪ್ರಮೋದ್ ಫೋನಿನಲ್ಲಿ ಅದನ್ನೆಲ್ಲ ಲೈವ್ ಹಾಕುತ್ತಾನೆ, ತುಮಕೂರು ಕಡೆಯವರೂ ನೋಡುತ್ತಾರಂತೆ. ಐದನೆಯ ಕ್ಲಾಸಿಗೇ ಹಾಸ್ಟೆಲು ಬಿಡಿಸಿ, ಆಮೇಲೆ ಏಳನೆಯ ಕ್ಲಾಸಿನಲ್ಲಿ ನಾಲ್ಕು ದಿನ ಕೂರಿಸಿ ಶಾಲೆಯನ್ನೇ ಬಿಡಿಸಿದ ಹುಡುಗಿ ನಾನು. ಮದುವೆಯಾಗಿ ಈ ಊರಿಗೆ ಬಂದಾಗ ನಾಲ್ಕು ಜನರ ಮುಂದೆ ಬಾಯಿ ಬಿಡುವುದಕ್ಕೆ ಹೆದರುತ್ತಿದ್ದೆ. ಪ್ರಾರ್ಥನೆ ಮಾಡಲು ಕಲಿಸಿದವರು ನೀವು. ಅದು ವ್ಯರ್ಥವಾಗಲಿಲ್ಲ ಅಂತ ನಿಮಗೆ ತಿಳಿಯಲಿ ಅಂತ ಬರೆದೆ.

ಹೇಗಿದ್ದೀರಿ ಅಂತ ಎರಡು ಸಾಲು ಬರೆಸಿ. ಮಲಗಿದ್ದಲ್ಲಿಂದಲೇ ನಿಮ್ಮ ತಮ್ಮನ ಹೆಂಡತಿಯ ಕೈಲಿ ಬರೆಸಿದರೂ ಸಾಕು.

ಪ್ರತಿ ಭಾನುವಾರ ನಿಮ್ಮನ್ನು ನೆನೆಯುವ
ವಿಮಲಾ


ಕ್ರೋಂಪೇಟೆ
3 ಫೆಬ್ರವರಿ 2025

ವಿಮಲಾ,

ನಿನ್ನ ಕಾಗದ ಸಿಕ್ಕಿತು. ಇದನ್ನು ಯಾರ ಕೈಲೂ ಬರೆಸುತ್ತಿಲ್ಲ. ಮೇಜಿನ ಮುಂದೆ ಕೂತು ನಾನೇ ಬರೆಯುತ್ತಿದ್ದೇನೆ. ಬರೆದಾದ ಮೇಲೆ ನಾನೇ ನಡೆದುಹೋಗಿ ಸ್ಟೇಷನ್ ಹತ್ತಿರದ ಡಬ್ಬಿಗೆ ಹಾಕುತ್ತೇನೆ.

ನಾನು ಎದ್ದು ಓಡಾಡತೊಡಗಿ ವರ್ಷ ಕಳೆಯಿತು. ಮೊದಲು ವಾಕರ್ ಇತ್ತು, ಆಮೇಲೆ ಕೋಲು. ಈಗ ಮಳೆ ಬಂದ ದಿನ ಮಾತ್ರ ಕೋಲು. ಮೀನು ನಾನೇ ತರುತ್ತೇನೆ, ಮೀನಿನವಳ ಜೊತೆ ಜಗಳವನ್ನೂ ನಾನೇ ಆಡುತ್ತೇನೆ.

ಭಾನುವಾರ ಲೈವ್ ನೋಡುತ್ತೇನೆ. ನಿನ್ನ ಪ್ರಾರ್ಥನೆ ಬರುವುದು ಸರಿಯಾಗಿ ನನ್ನ ಟೀ ಹೊತ್ತಿಗೆ. "ಎಬ್ಬಿಸು ಕರ್ತನೇ" ಎಂದು ನೀನು ಕೇಳುವಾಗ ನಾನು ಎದ್ದು ಒಲೆಯ ಹತ್ತಿರ ಇರುತ್ತೇನೆ. "ಕಾಲುಗಳಿಗೆ ಬಲ ಕೊಡು" ಅನ್ನುವಾಗ ತುದಿಗಾಲಲ್ಲಿ ನಿಂತು ಮೇಲಿನ ಶೆಲ್ಫಿನಿಂದ ಬಿಸ್ಕೆಟ್ ಡಬ್ಬಿ ತೆಗೆಯುತ್ತಿರುತ್ತೇನೆ. ಮೊದಮೊದಲು ನಗು ಬರುತ್ತಿತ್ತು.

ಒಂದು ಸಲ ವಿಡಿಯೋ ಕೆಳಗೆ ಬರೆದೆ: "ನಾನು ಈಗ ನಡೆಯುತ್ತಿದ್ದೇನೆ. ಕಲಾವತಿ." ಸಭೆಯ ಹೆಸರಿನಲ್ಲಿ ಯಾರೋ ಕೈಮುಗಿದ ಚಿತ್ರ ಹಾಕಿ "ಆಮೆನ್ ಸಿಸ್ಟರ್, ನಿಮ್ಮ ಗುಣಕ್ಕಾಗಿ ಪ್ರಾರ್ಥಿಸುತ್ತಿದ್ದೇವೆ" ಎಂದು ಉತ್ತರ ಕೊಟ್ಟರು. ಮುಂದಿನ ಭಾನುವಾರ ನೀನು ನನ್ನನ್ನು ಮತ್ತೆ ಮಲಗಿಸಿದೆ.

ಫೋನ್ ತೆಗೆಯದೆ ಇದ್ದದ್ದು ನಿಜ. ನಿಜವಾಗಿ ಮಲಗಿದ್ದಾಗ ಬಂದ ಫೋನುಗಳಲ್ಲೆಲ್ಲ ಒಂದೇ ಮಾತು. "ಪ್ರಾರ್ಥನೆ ಮಾಡ್ತಿದ್ದೀವಿ ಅಕ್ಕ", ಅಷ್ಟು ಅಂದು ಇಟ್ಟುಬಿಡುತ್ತಿದ್ದರು. ಬೆನ್ನಿಗೆ ಹುಣ್ಣಾಗಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಆಗಿತ್ತು. ನೀನು ಎರಡು ಸಲ ಬಂದಿದ್ದೆ, ಮರೆತಿಲ್ಲ. ಎರಡನೆಯ ಸಲ ಬಂದಾಗ ನಿನಗೆ ಹೊರಡಲು ಹೊತ್ತಾಗಿತ್ತು.

ಚೆನ್ನಾಗಿ ನಡೆಯುವ ಹಾಗಾದ ಮೇಲೆ ಆರಾಧನೆಗೆ ಬರೋಣವೆಂದು ಒಂದು ದಿನ ಸೀರೆ ಉಟ್ಟು ತಯಾರಾದದ್ದೂ ಉಂಟು. ನಾನು ನಡೆದುಕೊಂಡು ಒಳಗೆ ಬಂದರೆ ನೀನು ಎಲ್ಲಿ ನಿಲ್ಲುತ್ತೀ ಎಂಬ ಯೋಚನೆ ಬಂತು. ಅಷ್ಟು ಚೆನ್ನಾಗಿ ಮಾಡುತ್ತಿದ್ದೀಯಲ್ಲ. ಸೀರೆ ಬಿಚ್ಚಿಟ್ಟೆ.

ಹುಳಿಯ ವಿಷಯದಲ್ಲಿ ನಿನ್ನ ಗಂಡ ಹೇಳಿದ್ದು ಸರಿ.

ಕಲಾವತಿ


ಅಣ್ಣಾ ನಗರ್
10 ಫೆಬ್ರವರಿ 2025

ಅಕ್ಕಾ,

ಏನಂತ ಶುರು ಮಾಡಲಿ. ನಿಮ್ಮ ಕಾಗದ ಶುಕ್ರವಾರ ಬಂತು. ಅಡುಗೆಮನೆಯಲ್ಲಿ ನಿಂತು ಓದಿದೆ. ಮತ್ತೆ ಕೂತು ಓದಿದೆ. ನಮ್ಮ ಮನೆಯವರು ಕೈಯಿಂದ ಕಿತ್ತುಕೊಂಡು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ದೇವರು ಕೇಳಿಸ್ಕೊಂಡು ವರ್ಷ ಆಯ್ತಂತೆ ಕಣೇ. ನಿನಗೇ ಕೇಳಿಸ್ಲಿಲ್ಲ!" ಅವರಿಗೆ ನಗು. ನನಗೆ ಆ ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಭಾನುವಾರ ಎಲ್ಲ ಸರಿ ಮಾಡಿಬಿಡುತ್ತೇನೆ ಅಂದುಕೊಂಡೆ. "ನಮ್ಮ ಸಹೋದರಿ ಕಲಾವತಿಯನ್ನು ಎಬ್ಬಿಸಿ ನಡೆಸಿದ್ದಕ್ಕೆ ಸ್ತೋತ್ರ" ಅಂತ ಅಕ್ಕಿ ಆರಿಸುತ್ತಾ, ಸ್ನಾನ ಮಾಡುತ್ತಾ ಹೇಳಿ ಹೇಳಿ ನೋಡಿಕೊಂಡೆ. ಯಾರಿಗೂ ಮುಂಚೆ ಹೇಳಲಿಲ್ಲ. ನಿಜ ಹೇಳಿಬಿಡುತ್ತೇನೆ, ಹೀಗೆ ತಟ್ಟನೆ ಹೇಳಿದರೆ ಹೆಂಗಸರೆಲ್ಲ ಎಷ್ಟು ಅಳುತ್ತಾರೆ ಅಂತ ಮನಸ್ಸಿನಲ್ಲೇ ನೋಡಿ ಖುಷಿಯೂ ಪಟ್ಟೆ.

ಮುಂದೆ ಹೋಗಿ ನಿಂತೆ. ಕಣ್ಣು ಮುಚ್ಚಿದೆ. ದೇಶವನ್ನು ಆಳುವವರಿಗಾಗಿ, ಮಳೆಬೆಳೆಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಅಂತ ಬಾಯಿ ತನ್ನ ದಾರಿ ಹಿಡಿದು ಹೊರಟಿತು. ನಾನು ಹಿಂದೆ ಉಳಿದೆ. ಎಲ್ಲರೂ ಆಮೆನ್ ಅಂದರು, ಬಂದು ಕೂತೆ. ಕಾಣಿಕೆ ಚೀಲ ಕೈಗೆ ಬಂದಾಗ ಹೊಳೆಯಿತು. ಹಾಸಿಗೆ ಹಿಡಿದಿರುವ ನಮ್ಮ ಸಹೋದರಿ ಅಂತಲೇ ಹೇಳಿಬಿಟ್ಟಿದ್ದೆ, ಅಕ್ಕಾ. ಅದೇ ದನಿಯಲ್ಲಿ, ಅದೇ ಜಾಗದಲ್ಲಿ ಸ್ವಲ್ಪ ನಡುಗಿಸಿ. ನಿಮ್ಮ ಕಾಗದ ಪರ್ಸಿನಲ್ಲಿತ್ತು!

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಏನು ಗೊತ್ತಾ? ಮನೆಯಲ್ಲಿ ನೆನೆಹಾಕಿದ್ದ ಉದ್ದಿನಬೇಳೆ. ಹೆಚ್ಚು ನೆಂದುಬಿಟ್ಟಿತೇನೋ ಅಂತ.

ಆ ಕನಸು ನೆನಪಾಯಿತು. ಆರಾಧನೆ ಮುಗಿದ ಮೇಲೆ ಪಾಸ್ಟರ್ ರೂಪೇಶ್ ಹತ್ತಿರ ಹೋಗಿ, ಇನ್ನು ನನ್ನ ಕೈಲಾಗುವುದಿಲ್ಲ, ಪ್ರಾರ್ಥನೆ ಬೇರೆ ಯಾರಿಗಾದರೂ ಕೊಡಿ ಅಂದೆ. "ಅಯ್ಯೋ ಆಂಟಿ, ಬಾಯಿ ತಪ್ಪೋದು ಎಲ್ರಿಗೂ ಆಗುತ್ತೆ. ಒಂದು ಮದುವೇಲಿ ನಾನು ಮದುಮಗನ ಹೆಸರು ಬಿಟ್ಟು ಅವನ ಅಣ್ಣನ ಹೆಸರು ಹೇಳ್ಬಿಟ್ಟಿದ್ದೆ. ಲೈವಲ್ಲಿ ಜನ ಜಾಸ್ತಿ ಇರೋದೇ ನಿಮ್ಮ ಪ್ರೇಯರ್ ಟೈಮಲ್ಲಿ, ಈಗ ಬಿಡ್ತೀನಿ ಅಂದ್ರೆ ಹೇಗೆ?" ಅಂದರು. ಕೇಳಿ ಸಮಾಧಾನವಾಯಿತು. ಮನೆಗೆ ಬಂದು ಯೋಚಿಸಿದರೆ, ಅಷ್ಟು ಬೇಗ ಸಮಾಧಾನವಾಯಿತಲ್ಲ ಅಂತಲೇ ಭಯವಾಯಿತು.

ನಾನು ಕದ್ದವಳಲ್ಲ, ಸುಳ್ಳು ಸಾಕ್ಷಿ ಹೇಳಿದವಳಲ್ಲ, ಆರಾಧನೆ ತಪ್ಪಿಸಿದವಳಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬಸ್ ಸ್ಟಾಪಿನಿಂದ ವಾಪಸು ಬಂದು ನೋಡುವವಳು. ಬೀಗ ಜಗ್ಗಿ ಜಗ್ಗಿ ನೋಡುವವಳು. ಇದೊಂದನ್ನು ಮಾತ್ರ ಯಾವತ್ತೂ ಜಗ್ಗಿ ನೋಡಲಿಲ್ಲ. ಕರ್ತನಿಗೂ ನನಗೂ ಎಲ್ಲ ಸರಿಯಾಗಿದೆ ಅಂದುಕೊಂಡುಬಿಟ್ಟಿದ್ದೆ. ಮಕ್ಕಳ ಮೈ ಬಿಸಿಯಾದರೆ ಕೈ ಇಟ್ಟು ನೋಡುತ್ತೇವೆ. ನಮ್ಮ ಒಳಗು ತಣ್ಣಗಾಗುತ್ತಾ ಬಂದರೆ ಯಾರು ಕೈ ಇಟ್ಟು ನೋಡುತ್ತಾರೆ?

ಹೆಸರು ಬಾಯಿಗೆ ಬರುವ ಮುಂಚೆ ಮುಖ ಕಣ್ಣಿಗೆ ಬರಬೇಕು ಅಂತ ನೀವು ಕಲಿಸಿದ್ದಿರಿ. ನಿನ್ನೆ ಮನೆಯಲ್ಲಿ ಕೂತು ಪ್ರಯತ್ನಪಟ್ಟೆ. ನಿಮ್ಮ ದಿಂಬು ಕಣ್ಣಿಗೆ ಬರುತ್ತದೆ, ಅದರ ಮೇಲಿನ ನೀಲಿ ಹೂವು ಬರುತ್ತದೆ. ನೀವು ಬರುವುದಿಲ್ಲ.

ನಾನು ಎಲ್ಲಿ ನಿಲ್ಲುತ್ತೀನಿ ಅಂತ ಕೇಳಿದಿರಲ್ಲ, ಅದಕ್ಕೆ ಈಗ ಉತ್ತರ ಬರೆಯಲಾರೆ.

ತಲೆ ಎತ್ತಲಾರದ
ವಿಮಲಾ


ಕ್ರೋಂಪೇಟೆ
5 ಮಾರ್ಚ್ 2025

ವಿಮಲಾ,

ನೋಡಿದೆ. ಕಾಗದ ನಿನಗೆ ತಲುಪಿರುತ್ತದೆ, ಏನು ಹೇಳುತ್ತೀಯೋ ನೋಡೋಣವೆಂದು ಆ ಭಾನುವಾರ ಟೀ ಕಡೆ ಹೋಗದೆ ಫೋನಿನ ಮುಂದೆಯೇ ಕೂತಿದ್ದೆ. ನೀನು ನನ್ನನ್ನು ಮತ್ತೆ ಮಲಗಿಸಿದಾಗ ಒಲೆಯ ಮೇಲೆ ಹಾಲು ಉಕ್ಕಿತು. ತಮ್ಮನ ಹೆಂಡತಿ ಓಡಿಬಂದು "ಏನಕ್ಕ, ಅಲ್ಲೇ ಇದ್ದೀರಿ, ವಾಸನೆ ಬರ್ಲಿಲ್ವಾ?" ಎಂದಳು. ಬಹಳ ಸಿಟ್ಟು ಬಂದಿತ್ತು. ಉತ್ತರ ತಡವಾದದ್ದು ಅದಕ್ಕೇ.

ಇಂದಿನಿಂದ ಈಸ್ಟರಿಗೆ ಮುಂಚಿನ ಶ್ರಮೆಯ ದಿನಗಳು ಶುರು. ಸಿಟ್ಟನ್ನು ಇಟ್ಟುಕೊಂಡು ಉಪವಾಸ ಮಾಡಿದರೆ ಹೊಟ್ಟೆ ಮಾತ್ರ ಖಾಲಿಯಾಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನೀನು ಕಣ್ಣು ಮುಚ್ಚಿ ನಿಂತೆ, ನಾನು ಕಣ್ಣು ತೆರೆದು ಕೂತೆ, ಅಷ್ಟೇ ವ್ಯತ್ಯಾಸ. ಒಂದು ವರ್ಷದಿಂದ ನಾನು ಲೈವ್ ನೋಡುತ್ತಿದ್ದದ್ದು ಆರಾಧನೆಗಲ್ಲ. ನೀನು ಇವತ್ತೂ ತಪ್ಪುತ್ತೀಯಾ ಎಂದು ನೋಡುವುದಕ್ಕೆ. ತಪ್ಪಿದೆ ಎಂದರೆ ಟೀ ರುಚಿಯಾಗುತ್ತಿತ್ತು. ಹಾಡು ಬಂದರೆ ದನಿ ಕಡಿಮೆ ಮಾಡುತ್ತಿದ್ದೆ. ಸೋಫಾದ ಮೇಲೆ ಕಾಲು ಚಾಚಿಕೊಂಡು, ಇವರೆಲ್ಲರಿಗಿಂತ ನಾನು ಸರಿಯಾಗಿದ್ದೇನೆ ಎಂದು ನೆಮ್ಮದಿಯಾಗಿದ್ದೆ. ಸೊಂಟ ಮುರಿದಾಗ ಅತ್ತು ಅತ್ತು ಮಾಡಿದ ಪ್ರಾರ್ಥನೆಯಲ್ಲಿ ಕಾಲು ಭಾಗ ಕೂಡ ನಡೆಯಲು ಶುರುವಾದ ಮೇಲೆ ಮಾಡಿಲ್ಲ.

ಪ್ರಾರ್ಥನೆ ಬಿಡುತ್ತೇನೆ ಎನ್ನಬೇಡ. ಬಿಡುವುದು ಸುಲಭ, ನಾನು ಬಿಟ್ಟು ನೋಡಿದ್ದೇನೆ.

ಒಂದು ಕೇಳುತ್ತೇನೆ. ನನ್ನ ಹೆಸರಾದ ಮೇಲೆ ನೀನು "ಅಂಬತ್ತೂರಿನ ತಂಗಿ ವೆಂಕಟಲಕ್ಷ್ಮಿಯ ಮಡಿಲು ತುಂಬು ಕರ್ತನೇ" ಎನ್ನುತ್ತೀ. ನನಗೆ ಆ ಹುಡುಗಿ ನೆನಪಿದ್ದಾಳೆ. ಮಂಡ್ಯದ ಕಡೆಯವಳು, ನಾನು ಬೀಳುವುದಕ್ಕೆ ಸ್ವಲ್ಪ ಮುಂಚೆ ಹೊಸದಾಗಿ ಬರತೊಡಗಿದ್ದಳು. ಹೊರಗೆ ಬಿಟ್ಟರೆ ಕಳೆದುಹೋಗುತ್ತವೆ ಎಂದು ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಪ್ರಮೋದ್ ಕ್ಯಾಮೆರಾ ಹಿಂದಕ್ಕೆ ತಿರುಗಿಸಿದಾಗಲೆಲ್ಲ ಆ ಬೆಂಚು ನೋಡುತ್ತೇನೆ. ಅವಳು ಇರುವುದಿಲ್ಲ.

ಎಲ್ಲಿದ್ದಾಳೆ?

ಕಲಾವತಿ


ಅಣ್ಣಾ ನಗರ್
31 ಮಾರ್ಚ್ 2025

ಅಕ್ಕಾ,

ನಿಮ್ಮ ಕಾಗದ ಬಂದಾಗಿನಿಂದ ಆ "ಎಲ್ಲಿದ್ದಾಳೆ" ನನ್ನ ಹಿಂದೆಯೇ ಓಡಾಡುತ್ತಿತ್ತು. ಪಾಸ್ಟರನ್ನು ಕೇಳಿದರೆ "ಯಾವ ವೆಂಕಟಲಕ್ಷ್ಮಿ ಆಂಟಿ?" ಅಂದರು. ಪ್ರತಿ ವಾರ ಹೇಳುತ್ತೇನಲ್ಲ ಅಂದರೆ "ಓ, ಅವರಾ" ಅಂದರು, ಅಷ್ಟೇ. ಕೊನೆಗೆ ನಮ್ಮ ಮನೆಯವರಿಗೇ ನೆನಪಾಯಿತು. ಒಂದು ಸಲ ಮಳೆಯಲ್ಲಿ ಆಟೋದಲ್ಲಿ ಅವಳನ್ನು ಇಳಿಸಿ ಬಂದಿದ್ದೆವು, ಅಂಬತ್ತೂರ್ ಎಸ್ಟೇಟಿನ ಹಿಂದೆ, ರೇಷನ್ ಅಂಗಡಿಯ ಪಕ್ಕದ ಬೀದಿ.

ಕೃತಿಯನ್ನು ಕರೆದುಕೊಂಡು ಹೋದೆ. ಮಂಡಿ ನೋಯಲಿಲ್ಲ ಅಂತ ಹೇಳಲಾರೆ, ಆದರೆ ಹೋಗಲಾರದಷ್ಟೇನೂ ನೋಯಲಿಲ್ಲ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಎದುರುಮನೆಯ ಹೆಂಗಸು ಬಿಸಿಲಿಗೆ ಸಂಡಿಗೆ ಇಡುತ್ತಿದ್ದಳು. ಕೇಳಿದೆವು.

"ಲಕ್ಷ್ಮಿಯಾ? ಅವ ಎಪ್ಪವೋ ಪೋಯಿಟ್ಟಾಳೇ!"

ಯಾವಾಗಲೋ ಹೊರಟುಹೋದಳು ಅಂತ. ಹೋಗಿ ಎರಡು ದೀಪಾವಳಿ ಆಯಿತಂತೆ. ಗಂಡನ ಕೆಲಸ ಹೋಯಿತು, ಊರ ಕಡೆ ಹೊರಟರು, ಯಾವ ಊರು ಅಂತ ಅವಳಿಗೂ ಗೊತ್ತಿಲ್ಲ. ಇದ್ದ ನಂಬರಿಗೆ ಫೋನ್ ಹೋಗುವುದಿಲ್ಲ. ಇನ್ನೊಂದು ಹೇಳಿದಳು ಅಕ್ಕಾ. ಹೋಗುವ ಮುಂಚೆ ಭಾನುವಾರ ಭಾನುವಾರ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳಂತೆ. ಎರಡು ಬಸ್ಸು ಬದಲಾಯಿಸುವುದು ಅವಳಿಗೆ ಆಗುತ್ತಿರಲಿಲ್ಲ, ತಲೆಸುತ್ತು. ಚರ್ಚಿನವರು ವ್ಯಾನ್ ಕಳಿಸುತ್ತಾರೆ ಅಂತ ಕಾಯುತ್ತಿದ್ದಳಂತೆ. ವ್ಯಾನಿನ ಮಾತು ಅವಳಿಗೆ ಹೇಳಿದ್ದು ನಾನೇ. ಏನಾದರೂ ಮಾಡೋಣಮ್ಮ, ವ್ಯಾನ್ ಇದೆಯಲ್ಲ ಅಂದಿದ್ದೆ. ಹಾಗೆ ಅಂದು ಮರೆತೆ.

ಸಂಡಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಂದ ಚರ್ಚುಕ್ಕಾರಂಗ ನೀಂಗದಾನಾ?" ಆ ಚರ್ಚಿನವರು ನೀವೇನಾ ಅಂತ. ಹೌದು ಅಂದೆ. ಬೇರೇನು ಹೇಳಲಿ. ಕೃತಿ ನನ್ನ ಕೈ ಹಿಡಿದುಕೊಂಡಳು.

ಹೊರಟಾಗ ಹಿಂದಿನಿಂದ ಕರೆದು ಹೇಳಿದಳು. ತಲೆಸುತ್ತು ಯಾಕೆ ಅಂದರೆ ಲಕ್ಷ್ಮಿಗೆ ಆಗ ಮೂರು ತಿಂಗಳಾಗಿತ್ತಂತೆ.

ಬಸ್ಸಿನಲ್ಲಿ ಕೂತು ಅತ್ತೆ. ನಾನು "ಮಡಿಲು ತುಂಬು" ಅನ್ನುತ್ತಿದ್ದೇನೆ, ಅಲ್ಲೆಲ್ಲೋ ಆ ಕೂಸು ಈಗ ನಡೆಯುತ್ತಿರಬಹುದು. ಇಲ್ಲದೆಯೂ ಇರಬಹುದು. ನನಗೆ ತಿಳಿಯುವ ದಾರಿಯೇ ಇಲ್ಲ. ನಿಮ್ಮ ವಿಷಯದಲ್ಲೂ ಹೀಗೇ ಆಯಿತು. ಬೇಡಿಕೊಂಡವಳು ನಾನು. ಕೊಟ್ಟನೋ ಇಲ್ಲವೋ ಅಂತ ಒಂದು ಸಲವೂ ತಿರುಗಿ ನೋಡಲಿಲ್ಲ. ಅಂಗಡಿಯವನ ಹತ್ತಿರ ಸಾಮಾನು ಕೇಳಿದರೆ ಅವನು ಕೊಡುವವರೆಗೆ ಅವನ ಕೈಯನ್ನೇ ನೋಡುತ್ತಾ ನಿಲ್ಲುತ್ತೇವೆ. ಕರ್ತನ ಹತ್ತಿರ ಕೇಳಿ, ಅವನು ಕೈ ಚಾಚುವಷ್ಟರಲ್ಲಿ ನಾನು ಮನೆಗೆ ಬಂದು ಉದ್ದಿನಬೇಳೆ ರುಬ್ಬುತ್ತಿದ್ದೆ. ಹಾಗಾದರೆ ಅವನು ಕೊಡುತ್ತಾನೆ ಅಂತ ನಾನು ನಂಬಿಯೇ ಇರಲಿಲ್ಲ, ಅಲ್ಲವಾ ಅಕ್ಕಾ? ಇಷ್ಟು ವರ್ಷ ಎಲ್ಲರೂ ನನ್ನನ್ನು ನಂಬಿಕೆಯ ಹೆಂಗಸು ಅಂದರು. ನಾನೂ ಹೌದು ಅಂದುಕೊಂಡೆ.

ನಿನ್ನೆ ಭಾನುವಾರ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಬಾಯಿ ಹೊರಟುಬಿಡುತ್ತದೆ ಅಂತ ಭಯ. ಎಲ್ಲರೂ ತಲೆ ತಗ್ಗಿಸಿಕೊಂಡು ಕಾಯುತ್ತಿದ್ದರು. ನಾನು ಸುಮ್ಮನೆ ನಿಂತೆ. ಒಬ್ಬೊಬ್ಬರಾಗಿ ಕಣ್ಣು ಬಿಟ್ಟು ನೋಡಿದರು.

"ಕಲಾವತಿ ಅಕ್ಕ ನಡೀತಿದ್ದಾರೆ," ಅಂದೆ. "ವರ್ಷದ ಮೇಲಾಯ್ತು. ನನಗೆ ಗೊತ್ತಿರಲಿಲ್ಲ. ವೆಂಕಟಲಕ್ಷ್ಮಿ ಊರು ಬಿಟ್ಟು ಹೋಗಿದ್ದಾಳೆ. ಅದೂ ಗೊತ್ತಿರಲಿಲ್ಲ. ನಾನು ಹೇಳ್ತಾ ಇರೋ ಬೇರೆ ಹೆಸರುಗಳ ಕಥೆ ಏನು ಅಂತ ಯಾರಾದರೂ ಹೇಳ್ತೀರಾ?"

ಪ್ರಮೋದ್ ಗಾಬರಿಯಾಗಿ ಫೋನನ್ನು ಕೆಳಗಿಳಿಸಿದ. ಪಾಸ್ಟರ್ ಎದ್ದರು, ಕೂತರು. ಆಮೇಲೆ ಕಿಟಕಿ ಪಕ್ಕದಲ್ಲಿ ಕೂರುವ ಸೀತಾರಾಮ ಅಂಕಲ್, ಬ್ಯಾಂಕಿನಲ್ಲಿದ್ದರಲ್ಲ, ಅವರು ಮೆಲ್ಲಗೆ ಕೈ ಎತ್ತಿದರು. "ವಿಮಲಮ್ಮ, ನನ್ನ ಮಗನಿಗೆ ಕೆಲಸ ಸಿಕ್ಕಿ ಬಹಳ ದಿನ ಆಯ್ತು. ಅಷ್ಟು ಮನಸ್ಸಿಟ್ಟು ಕೇಳ್ತಿದ್ದೀರಲ್ಲ, ನಡುವೆ ನಿಲ್ಲಿಸೋದು ಹೇಗೆ ಅಂತ ಸುಮ್ನಿದ್ದೆ." ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನಗು ನಿಂತ ಮೇಲೆ ತಾವಾಗಿಯೇ ಮತ್ತೆ ತಲೆ ತಗ್ಗಿಸಿದರು.

ಪ್ರಾರ್ಥನೆ ಅಂತ ಮಾಡಿದ್ದು ನಾಲ್ಕು ಮಾತು. ನಿಮಗಾಗಿ ಸ್ತೋತ್ರ ಅಂದೆ. ವೆಂಕಟಲಕ್ಷ್ಮಿ ಎಲ್ಲಿದ್ದಾಳೋ ನನಗೆ ತಿಳಿಯದು, ನಿನಗೆ ತಿಳಿದಿದೆ, ನಾವು ವ್ಯಾನ್ ಕಳಿಸಲಿಲ್ಲ, ಕ್ಷಮಿಸು ಅಂದೆ. ಮಾತು ತಡವರಿಸಿತು, ನಡುವೆ ನಿಂತಿತು. ಹೊರಗೆ ಬಂದಾಗ ಭಾವನಾ, ಪಾಸ್ಟರ್ ಹೆಂಡತಿ, ಹತ್ತಿರ ಬಂದು "ಹುಷಾರಿಲ್ವಾ ಆಂಟಿ? ಇವತ್ತು ಯಾಕೋ ನಿಮ್ಮ ಪ್ರೇಯರ್ ಅಷ್ಟು ಚೆನ್ನಾಗಿರಲಿಲ್ಲ" ಅಂದಳು. ಹೌದಮ್ಮ ಅಂದೆ.

ನೀವು ನೋಡಿದಿರಾ? ಫೋನ್ ಕೆಳಗಿತ್ತು, ನೆಲ ಮಾತ್ರ ಕಂಡಿರಬೇಕು.

ನಿಮ್ಮ ಆ ಮಾತಿಗೆ ಉತ್ತರ. ನೀವು ಬಂದರೆ ನಾನು ಎಲ್ಲಿ ನಿಲ್ಲುವುದು ಅನ್ನುವ ಯೋಚನೆ ನನಗೂ ಇತ್ತು. ಇತ್ತು ಅಕ್ಕಾ. ಅದರ ಮೇಲೆ ಹೆಚ್ಚು ಬರೆಸಬೇಡಿ.

ನಾನು ನಿಮ್ಮ ಮನೆಗೆ ಬರಲಾ?

ವಿಮಲಾ


ಕ್ರೋಂಪೇಟೆ
8 ಏಪ್ರಿಲ್ 2025

ವಿಮಲಾ,

ನೆಲ ಕಂಡಿತು. ಯಾರದೋ ಪಾದ, ಬೆಂಚಿನ ಕಾಲು, ಬಿದ್ದಿದ್ದ ಒಂದು ಪಿನ್ನು. ದನಿ ಕೇಳಿಸುತ್ತಿತ್ತು. ಅದು ನಿನ್ನದೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲ ಸಲ ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಪ್ರಾರ್ಥನೆ ಮಾಡಿದ್ದೆಯಲ್ಲ, ಸೆರಗಿನ ತುದಿ ಸುತ್ತುತ್ತಾ, ಆ ದನಿ ಅದು. ನಾನು ಟೀ ಮಾಡಲಿಲ್ಲ.

ಬಾ. ಮೌಂಟ್ ಸ್ಟೇಷನ್‌ವರೆಗೆ ಮೆಟ್ರೋ, ಅಲ್ಲಿಂದ ತಾಂಬರಂ ಕಡೆಯ ಲೋಕಲ್. ಲಿಫ್ಟ್ ಇದೆ, ಮೆಟ್ಟಿಲಿನ ನೆಪ ಹೇಳಬೇಡ. ಬಾಗಿಲ ಮೇಲೆ ಹಳೆ ನಂಬರ್, ಹೊಸ ನಂಬರ್ ಎರಡೂ ಇವೆ. ಬೀದಿಯಲ್ಲಿ ಕೇಳುವುದಾದರೆ ಹಳೆಯದನ್ನೇ ಕೇಳು, ಹೊಸದು ಪೋಸ್ಟ್‌ಮ್ಯಾನ್‌ಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಪ್ರಾರ್ಥನೆ ಮಾಡುವುದಕ್ಕೆ ಬರಬೇಡ. ಊಟಕ್ಕೆ ಬಾ. ಈಸ್ಟರ್ ಹಬ್ಬ ಕಳೆದ ಮೇಲೆ ಮಂಗಳವಾರ.

ಕಲಾವತಿ


ಅಣ್ಣಾ ನಗರ್
24 ಏಪ್ರಿಲ್ 2025

ಅಕ್ಕಾ,

ಕ್ಷೇಮವಾಗಿ ಮನೆ ಸೇರಿದೆ. ಬಂದು ಎರಡು ದಿನವಾದರೂ ಕೈಯಲ್ಲಿ ಮೀನಿನ ಸಾರಿನ ವಾಸನೆ ಇದೆ, ತೊಳೆಯುವುದಕ್ಕೆ ಮನಸ್ಸಿಲ್ಲ ಅಂದರೆ ನಮ್ಮ ಮನೆಯವರು ಮೂಗು ಮುರಿಯುತ್ತಾರೆ.

ನೀವು ಬಾಗಿಲು ತೆಗೆದಾಗ ನಿಮ್ಮನ್ನೇ ನೋಡುತ್ತಾ ನಿಂತುಬಿಟ್ಟೆ. ನಾನು ಅಷ್ಟು ದಿನ ಮಲಗಿಸಿಟ್ಟವರು ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದಿರಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಸೌಟು ಹಿಡಿದು. "ಏನೇ ಹಾಗೆ ನೋಡ್ತೀಯ? ಎಬ್ಬಿಸು ಎಬ್ಬಿಸು ಅಂತ ಅವನ ತಲೆ ತಿಂದೋಳು ನೀನೇ ಅಲ್ವಾ?" ಅಂದಿರಲ್ಲ, ಅದನ್ನು ನೆನೆಸಿಕೊಂಡು ಲೋಕಲ್‌ನಲ್ಲಿ ಒಬ್ಬಳೇ ನಕ್ಕೆ. ಪಕ್ಕದವಳು ಸರಿದು ಕೂತಳು.

ವೆಂಕಟಲಕ್ಷ್ಮಿಯ ಸುದ್ದಿ ಇನ್ನೂ ಇಲ್ಲ. ಮಂಡ್ಯದ ಕಡೆಯ ಒಂದೆರಡು ಸಭೆಗಳವರಿಗೆ ನಮ್ಮ ಮನೆಯವರು ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಸಿಗುತ್ತಾಳೋ ಇಲ್ಲವೋ. ಅವಳ ಹೆಸರು ಬಿಟ್ಟಿಲ್ಲ, ಆದರೆ ಎಲ್ಲಿದ್ದಾಳೋ ಗೊತ್ತಿಲ್ಲ ಅಂತ ಸೇರಿಸಿಯೇ ಹೇಳುತ್ತೇನೆ. ಹಾಗೆ ಹೇಳುವಾಗ ಪ್ರತಿ ಸಲ ನೋಯುತ್ತದೆ. ನೋವು ನಿಂತ ದಿನ ಮತ್ತೆ ಅಂಬತ್ತೂರಿಗೆ ಹೋಗಿ ಆ ಮೆಟ್ಟಿಲು ನೋಡಿ ಬರಬೇಕು ಅಂದುಕೊಂಡಿದ್ದೇನೆ.

ಈಗ ಮುಖ್ಯವಾದ ವಿಷಯ. ನೀವು ನೀರು ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಚೆಲ್ಲಿತು. ಬಟ್ಟೆ ತಂದು ಒರೆಸಿದಿರಿ. ಎರಡನೆಯ ಸಲವೂ ಚೆಲ್ಲಿದ ಮೇಲೆ ನಾನು ಕೇಳಿದೆ. ಕಣ್ಣಿಗೆ ಪೊರೆ ಬಂದಿದೆ, ಮೇ ತಿಂಗಳಲ್ಲಿ ಆಪರೇಷನ್, ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ ಅಂದಿರಿ. ಆ ದಿನ ಆಸ್ಪತ್ರೆಗೆ ನಾನು ಬರುತ್ತೇನೆ, ಬೇಡ ಅನ್ನಬೇಡಿ. ಕಣ್ಣು ಸರಿಯಾದ ಮೇಲೆ ಆರಾಧನೆಗೆ ಬರುತ್ತೇನೆ ಅಂದಿದ್ದನ್ನು ಮರೆಯಬೇಡಿ. ನಿಮ್ಮ ಜಾಗ ಇದೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ.

ಹೊರಡುವಾಗ "ಭಾನುವಾರ ಪ್ರಾರ್ಥನೇಲಿ ಹೇಳ್ತೀಯಾ?" ಅಂತ ಕೇಳಿದಿರಿ. ಹೇಳುತ್ತೇನೆ. ಈಗ ಕಣ್ಣು ಮುಚ್ಚಿದರೆ ನಿಮ್ಮ ಮುಖ ಬರುತ್ತದೆ ಅಕ್ಕಾ, ಸೌಟು ಸಮೇತ. ಆದರೆ ಒಂದು ಕಡೆ ತೊಡಕಾಗಿದೆ. ಇದೇ ಕಣ್ಣು ಅಂತ ನೀವು ಬೆರಳಿಟ್ಟು ತೋರಿಸಿದಿರಿ. ನಾನು ಎದುರಿಗೆ ಕೂತಿದ್ದೆ. ನನ್ನ ಬಲಗಡೆ ಅಂದರೆ ನಿಮಗೆ ಎಡ. ಆಮೇಲೆ ಕಿಟಕಿ ಕಡೆಗೆ ತಿರುಗಿ ಕೂತಿರಿ, ಆಗ ತೋರಿಸಿದ್ದೋ ಮುಂಚೆ ತೋರಿಸಿದ್ದೋ ಅಂತ ಈಗ ಅನುಮಾನ. ಸರಿಯಾಗಿ ನೋಡೋಣ ಅಂತ ನಮ್ಮ ಮನೆಯವರನ್ನು ಎದುರು ಕೂರಿಸಿಕೊಂಡರೆ ಅವರು ಎರಡೂ ಕಣ್ಣು ಮುಚ್ಚಿ ನಿದ್ದೆ ಹೋದರು. ಯಾವುದಾದರೇನು, ಕರ್ತನಿಗೆ ಗೊತ್ತಿರುತ್ತದೆ ಅಂದಳು ಭಾವನಾ. ಅವನಿಗೆ ಗೊತ್ತು. ಗೊತ್ತಿಲ್ಲದೆ ಇರುವುದು ನನಗೆ.

ಈ ಕಾಗದ ಶನಿವಾರ ನಿಮಗೆ ಸಿಗಬೇಕು. ಸಂಜೆ ಫೋನ್ ಮಾಡುತ್ತೇನೆ, ದಯವಿಟ್ಟು ತೆಗೆಯಿರಿ. ಅಷ್ಟರೊಳಗೆ ಡಾಕ್ಟರ ಚೀಟಿ ಹೊರಗೆ ತೆಗೆದು, ಬೆಳಕಿನಲ್ಲಿ ಹಿಡಿದು, ಬೇಕಾದರೆ ತಮ್ಮನ ಹೆಂಡತಿಯ ಕೈಲಿ ಓದಿಸಿ, ಇನ್ನೊಂದು ಸಲ ಸರಿಯಾಗಿ ನೋಡಿಡಿ. ಎಡಗಣ್ಣಾ, ಬಲಗಣ್ಣಾ?

ನಿಮ್ಮ
ವಿಮಲಾ